ಕೆಂಪು ನಿಂಜಾ ಇದ್ದಾನಂತೆ! ಮಾರ್ಟಲ್ ಕಾಂಬ್ಯಾಟ್ ಆಟದ ಗಾಳಿಸುದ್ದಿಗಳು ಹುಟ್ಟಿದ ಬಗೆ

ಹಿಂದೆಲ್ಲಾ ವಿಡಿಯೋ ಗೇಮ್ ಪಾರ್ಲರ್‌ಗಳಲ್ಲಿ ನಾಣ್ಯ ಹಾಕಿ ಆಡುವ ಎತ್ತರದ ಪೆಟ್ಟಿಗೆಗಳು ಇರುತ್ತಿದ್ದವಲ್ಲ, ಆ ಆರ್ಕೇಡ್ ಯಂತ್ರಗಳ ಒಳಗೆ ಆಟಗಾರರ ಕಣ್ಣಿಗೆ ಬೀಳದ ಒಂದು ಪಟ್ಟಿ ಇತ್ತು. ನಾಣ್ಯದ ಡಬ್ಬಿಯ ಬಾಗಿಲಿಗೆ ಬೀಗ. ಬೀಗದ ಕೈ ಅಂಗಡಿಯವನ ಹತ್ತಿರ. ಬಾಗಿಲು ತೆಗೆದು ಒಳಗಿನ ಗುಂಡಿ ಒತ್ತಿದರೆ ಪರದೆಯ ಮೇಲೆ ಲೆಕ್ಕ ಬರುತ್ತಿತ್ತು. ಎಷ್ಟು ನಾಣ್ಯ ಬಿತ್ತು, ಎಷ್ಟು ಆಟ ನಡೆಯಿತು, ಯಾವ ಪಾತ್ರವನ್ನು ಜನ ಜಾಸ್ತಿ ಆರಿಸಿದರು, ಹೀಗೆ. 1992ರಲ್ಲಿ ಬಂದ ‘ಮಾರ್ಟಲ್ ಕಾಂಬ್ಯಾಟ್’ ಎಂಬ ಹೊಡೆದಾಟದ ಆಟದ ಯಂತ್ರದ ನಂತರದ ಆವೃತ್ತಿಗಳಲ್ಲಿ ಈ ಪಟ್ಟಿಗೆ ಹೊಸ ಸಾಲುಗಳು ಸೇರಿಕೊಂಡವು. ರೆಪ್ಟೈಲ್ ಎಂಬ ಗುಪ್ತ ಪಾತ್ರ ಎಷ್ಟು ಸಲ ಕಾಣಿಸಿಕೊಂಡ, ಎಷ್ಟು ಸಲ ಕಾಳಗಕ್ಕೆ ಇಳಿದ ಎಂಬ ಲೆಕ್ಕ ಅದು. ಅದರ ಕೆಳಗೇ ಇನ್ನೊಂದು ಸಾಲು. ಅದರಲ್ಲಿ ಒಂದೇ ಒಂದು ಪದ: ‘ಎರ್ಮ್ಯಾಕ್ಸ್’.

ಇದನ್ನು ಕಂಡವರು ಏನೆಂದುಕೊಳ್ಳಬೇಕು? ಮೇಲಿನ ಸಾಲು ಒಬ್ಬ ಗುಪ್ತ ಹೋರಾಟಗಾರನದು. ಹಾಗಾದರೆ ಕೆಳಗಿನದೂ ಇನ್ನೊಬ್ಬನದೇ ಇರಬೇಕು, ಅಲ್ವಾ? ಸುದ್ದಿಗೆ ರೆಕ್ಕೆಪುಕ್ಕ ಬಂತು. ಎರ್ಮ್ಯಾಕ್ ಅಂತ ಒಬ್ಬ ಇದ್ದಾನಂತೆ. ಕೆಂಪು ಬಟ್ಟೆಯ ನಿಂಜಾ ಅಂತೆ. ಪಕ್ಕದ ಊರಿನ ಪಾರ್ಲರ್‌ನಲ್ಲಿ ಯಾರೋ ಕಣ್ಣಾರೆ ಕಂಡಿದ್ದಾರಂತೆ.

ಅಸಲು ವಿಷಯ ತುಂಬಾ ಸಪ್ಪೆ. ಆಟದ ಪ್ರೋಗ್ರಾಂ ಬರೆದವರು ಎಡ್ ಬೂನ್. ಪ್ರೋಗ್ರಾಂ ಓಡುವಾಗ ಬರಬಾರದ ಸ್ಥಿತಿ ಏನಾದರೂ ಬಂದರೆ ಅದನ್ನು ಹಿಡಿದು ಎಣಿಸಲು ಅವರು ಪುಟ್ಟ ಕೋಡ್ ತುಣುಕುಗಳನ್ನು ಇಟ್ಟಿದ್ದರು. ಪ್ರೋಗ್ರಾಮರ್‌ಗಳು ಇಂಥವನ್ನು ಮ್ಯಾಕ್ರೋ ಅನ್ನುತ್ತಾರೆ. ‘ಎರರ್ ಮ್ಯಾಕ್ರೋ’ ಎಂಬುದನ್ನು ಮೊಟಕು ಮಾಡಿ, ಬಹುವಚನ ಸೇರಿಸಿದರೆ ‘ಎರ್ಮ್ಯಾಕ್ಸ್’. ಅಂದರೆ ತಪ್ಪುಗಳ ಲೆಕ್ಕ, ಅಷ್ಟೇ. ಅದು ರೆಪ್ಟೈಲ್‌ನ ಸಾಲಿನ ಕೆಳಗೆ ಬಂದು ಕೂತದ್ದೇ ಎಲ್ಲದಕ್ಕೂ ಮೂಲ.

ಮೂವತ್ತು ವರ್ಷ ದಾಟಿದ ಮೇಲೆ ಈ ಕಥೆಯನ್ನು ಕೇಳಿದವರು ‘ಪಾಪ, ಆಗಿನ ಹುಡುಗರು ಏನು ಹೇಳಿದರೂ ನಂಬುತ್ತಿದ್ದರು’ ಅಂದುಬಿಡುತ್ತಾರೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಆ ಹುಡುಗರು ಸುಮ್ನೆ ನಂಬಲಿಲ್ಲ. ನಂಬುವುದಕ್ಕೆ ಅವರ ಬಳಿ ಗಟ್ಟಿ ಕಾರಣಗಳಿದ್ದವು. ಆ ಕಾರಣಗಳನ್ನು ಕೊಟ್ಟದ್ದು ಆಟವೇ.

ಮೊದಲು ರೆಪ್ಟೈಲ್‌ನನ್ನೇ ನೋಡೋಣ. ಅವನು ಗಾಳಿಸುದ್ದಿಯಲ್ಲ, ನಿಜವಾಗಿಯೂ ಆಟದಲ್ಲಿದ್ದ. ಆದರೆ ಅವನನ್ನು ಕಾಣಬೇಕಾದರೆ ಏನು ಮಾಡಬೇಕಿತ್ತು ಗೊತ್ತಾ? ಒಬ್ಬರೇ ಆಡುತ್ತಿರಬೇಕು. ‘ದಿ ಪಿಟ್’ ಎಂಬ ಅಂಕಣಕ್ಕೆ ಬರಬೇಕು. ಅದು ಆಳದ ಮೇಲಿನ ಕಿರಿದಾದ ಕಲ್ಲಿನ ಸೇತುವೆ, ಕೆಳಗೆ ಚೂಪಾದ ಮೊಳೆಗಳು, ಮೇಲೆ ಹುಣ್ಣಿಮೆಯ ಚಂದ್ರ. ಆ ಚಂದ್ರನ ಮುಂದೆ ಒಂದು ಕಪ್ಪು ನೆರಳು ಹಾದುಹೋಗಬೇಕು. ಅದು ಪ್ರತಿ ಸಲವೂ ಹೋಗುವುದಿಲ್ಲ. ಹೋದ ಆಟದಲ್ಲಿ ಎರಡೂ ಸುತ್ತುಗಳನ್ನು ಒಂದೇ ಒಂದು ಏಟೂ ತಿನ್ನದೆ ಗೆಲ್ಲಬೇಕು. ಏಟು ತಡೆಯುವ ಬ್ಲಾಕ್ ಗುಂಡಿಯನ್ನು ಮುಟ್ಟಲೇಬಾರದು. ಕೊನೆಗೆ ಎದುರಾಳಿಯನ್ನು ‘ಫೇಟಾಲಿಟಿ’ ಎಂಬ ವಿಶೇಷ ಹೊಡೆತದಿಂದಲೇ ಮುಗಿಸಬೇಕು. ಇಷ್ಟೆಲ್ಲಾ ಆದರೆ ಪರದೆ ಬದಲಾಗಿ, ಆಟಗಾರ ಸೇತುವೆಯ ಕೆಳಗಿನ ಗುಂಡಿಯಲ್ಲಿರುತ್ತಾನೆ. ಎದುರಿಗೆ ಹಸಿರು ಬಟ್ಟೆಯ ನಿಂಜಾ.

ಇದಕ್ಕೆ ಸುಳಿವು ಸಿಗುತ್ತಿದ್ದದ್ದೂ ವಿಚಿತ್ರವಾಗಿಯೇ. ಕೆಲವು ಆಟಗಳ ಮುಂಚೆ ರೆಪ್ಟೈಲ್ ಒಂದು ಕ್ಷಣ ಪರದೆಗೆ ಹಾರಿ ಬಂದು, ಒಂದು ಒಗಟು ಹೇಳಿ ಮಾಯವಾಗುತ್ತಿದ್ದ. ಚಂದ್ರನನ್ನು ನೋಡು ಅನ್ನುವುದು ಒಂದು. ನೀನು ಒಬ್ಬನೇ ಇದ್ದರೆ ನಾನು ಸಿಗುತ್ತೇನೆ ಅನ್ನುವುದು ಇನ್ನೊಂದು. ಇಷ್ಟು ಬಿಟ್ಟರೆ ಬೇರೆ ವಿವರಣೆ ಇಲ್ಲ.

ಈಗ ಪಾರ್ಲರ್‌ನಲ್ಲಿ ನಿಂತ ಹುಡುಗನ ಜಾಗದಲ್ಲಿ ನಿಂತು ಯೋಚಿಸಿ. ಚಂದ್ರನ ಮುಂದೆ ನೆರಳು ಹೋಗಬೇಕು, ಬ್ಲಾಕ್ ಮುಟ್ಟಬಾರದು, ಏಟು ತಿನ್ನಬಾರದು ಎಂಬ ಮಾತು ಬೇರೆ ಯಾವ ಆಟದ ಬಗ್ಗೆ ಕೇಳಿದರೂ ಶುದ್ಧ ಕಟ್ಟುಕಥೆ ಅನ್ನಿಸುತ್ತದೆ. ಇಲ್ಲಿ ಅದು ನಿಜ. ಹಾಗಿರುವಾಗ ‘ರೆಪ್ಟೈಲ್‌ನನ್ನು ಸೋಲಿಸಿದ ಮೇಲೆ ಹೀಗೆ ಹೀಗೆ ಮಾಡಿದರೆ ಕೆಂಪು ನಿಂಜಾ ಬರುತ್ತಾನೆ’ ಎಂಬ ಮಾತನ್ನು ಯಾವ ಆಧಾರದ ಮೇಲೆ ತಳ್ಳಿಹಾಕುವುದು? ನಿಜವಾದ ಗುಟ್ಟೂ ಹುಸಿಯಾದ ಗುಟ್ಟೂ ಒಂದೇ ಥರ ಕಾಣುತ್ತಿದ್ದವು. ಎರಡನ್ನೂ ಬೇರೆ ಮಾಡುವ ಗುರುತು ಯಾವುದೂ ಇರಲಿಲ್ಲ.

ಪರೀಕ್ಷಿಸಿ ನೋಡುವುದೂ ಕಷ್ಟವಿತ್ತು. ಅಮೆರಿಕದ ಆರ್ಕೇಡ್‌ಗಳಲ್ಲಿ ಪ್ರತಿ ಪ್ರಯತ್ನಕ್ಕೂ ದುಡ್ಡು ಹಾಕಬೇಕಿತ್ತು. ಏಟು ತಿನ್ನದೆ ಎರಡು ಸುತ್ತು ಗೆಲ್ಲುವುದು ನುರಿತವರಿಗೂ ಸುಲಭವಲ್ಲ. ಹಾಗಾಗಿ ‘ನಾನು ಮಾಡಿ ನೋಡಿದೆ, ಬರಲಿಲ್ಲ’ ಅಂದವನಿಗೆ ‘ನೀನು ಸರಿಯಾಗಿ ಮಾಡಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಅದಕ್ಕಿಂತ ದೊಡ್ಡ ಸಂಗತಿ ಯಂತ್ರಗಳ ಆವೃತ್ತಿಯದು. ಆರ್ಕೇಡ್ ಆಟದ ಪ್ರೋಗ್ರಾಂ ಇರುವುದು ಒಳಗಿನ ಬೋರ್ಡಿನ ಚಿಪ್‌ಗಳಲ್ಲಿ. ಕಂಪನಿ ತಪ್ಪು ತಿದ್ದಿ ಹೊಸ ಚಿಪ್ ಕಳಿಸುತ್ತಿತ್ತು. ಕೆಲವು ಅಂಗಡಿಯವರು ಹಾಕಿಕೊಳ್ಳುತ್ತಿದ್ದರು, ಕೆಲವರು ಹಾಕಿಕೊಳ್ಳುತ್ತಿರಲಿಲ್ಲ. ಮೊದಲ ಮಾರ್ಟಲ್ ಕಾಂಬ್ಯಾಟ್‌ನ ಆರಂಭದ ಆವೃತ್ತಿಗಳಲ್ಲಿ ರೆಪ್ಟೈಲ್ ಇರಲೇ ಇಲ್ಲ. ಅವನು ಆಮೇಲೆ ಸೇರಿದವನು. ಅಂದರೆ ಒಂದೇ ಹೆಸರಿನ, ಒಂದೇ ಬಣ್ಣದ ಎರಡು ಪೆಟ್ಟಿಗೆಗಳಲ್ಲಿ ಒಂದರಲ್ಲಿ ರೆಪ್ಟೈಲ್ ಇದ್ದ, ಇನ್ನೊಂದರಲ್ಲಿ ಇರಲಿಲ್ಲ. ಹೀಗಿರುವಾಗ ‘ನಿಮ್ಮ ಯಂತ್ರ ಹಳೆಯದು, ಅದಕ್ಕೇ ಎರ್ಮ್ಯಾಕ್ ಬರುತ್ತಿಲ್ಲ’ ಅನ್ನುವ ವಾದವನ್ನು ಮುರಿಯುವುದು ಹೇಗೆ?

ಇನ್ನು ಕೆಂಪು ನಿಂಜಾನೇ ಯಾಕೆ? ಇದಕ್ಕೆ ಆಟದ ಚಿತ್ರಗಳನ್ನು ಮಾಡಿದ ರೀತಿಯಲ್ಲೇ ಉತ್ತರವಿದೆ. ಮಾರ್ಟಲ್ ಕಾಂಬ್ಯಾಟ್ ತಯಾರಾದದ್ದು ಶಿಕಾಗೋದ ಮಿಡ್ವೇ ಕಂಪನಿಯಲ್ಲಿ. ಬೂನ್ ಜೊತೆ ಜಾನ್ ಟೋಬಿಯಾಸ್ ಆಟದ ವಿನ್ಯಾಸ ಮಾಡಿದರು. ಪಾತ್ರಗಳನ್ನು ಅವರು ಕೈಯಲ್ಲಿ ಬಿಡಿಸಲಿಲ್ಲ. ನಟರಿಗೆ ಬಟ್ಟೆ ತೊಡಿಸಿ, ಕ್ಯಾಮೆರಾ ಮುಂದೆ ಒದೆಸಿ, ಗುದ್ದಿಸಿ, ಆ ಚಿತ್ರಗಳನ್ನು ಕಂಪ್ಯೂಟರ್‌ಗೆ ಇಳಿಸಿದರು. ಹಳದಿ ನಿಂಜಾ ಸ್ಕಾರ್ಪಿಯನ್, ನೀಲಿ ನಿಂಜಾ ಸಬ್-ಝೀರೋ, ಹಸಿರು ರೆಪ್ಟೈಲ್ ಮೂವರೂ ಒಬ್ಬರೇ ನಟ, ಡೇನಿಯಲ್ ಪೆಸೀನಾ. ಜಾನಿ ಕೇಜ್ ಎಂಬ ಇನ್ನೊಂದು ಪಾತ್ರವೂ ಅವರೇ.

ಒಬ್ಬರ ಚಿತ್ರದಿಂದ ಮೂರು ನಿಂಜಾಗಳು ಹೇಗೆ ಬಂದರು ಅಂದರೆ, ಆ ಕಾಲದ ಯಂತ್ರಗಳಲ್ಲಿ ಚಿತ್ರದ ಪ್ರತಿ ಚುಕ್ಕೆಯಲ್ಲಿ ಬಣ್ಣವನ್ನು ನೇರವಾಗಿ ಬರೆದಿಡುತ್ತಿರಲಿಲ್ಲ. ಒಂದು ಅಂಕಿಯನ್ನು ಬರೆದಿಡುತ್ತಿದ್ದರು. ಬೇರೆ ಕಡೆ ಒಂದು ಬಣ್ಣದ ಪಟ್ಟಿ ಇರುತ್ತಿತ್ತು: 5 ಅಂದರೆ ಈ ಹಳದಿ, 6 ಅಂದರೆ ಸ್ವಲ್ಪ ಗಾಢ ಹಳದಿ, ಹೀಗೆ. ಚಿತ್ರಕ್ಕೆ ಜಾಗ ಜಾಸ್ತಿ ಬೇಕು, ಪಟ್ಟಿಗೆ ತೀರಾ ಕಡಿಮೆ ಸಾಕು. ಚಿತ್ರವನ್ನು ಹಾಗೇ ಇಟ್ಟುಕೊಂಡು ಪಟ್ಟಿಯಲ್ಲಿ ಹಳದಿ ಇದ್ದಲ್ಲಿ ನೀಲಿ ಬರೆದರೆ ಸ್ಕಾರ್ಪಿಯನ್ ಹೋಗಿ ಸಬ್-ಝೀರೋ ಬರುತ್ತಾನೆ. ಹಸಿರು ಬರೆದರೆ ರೆಪ್ಟೈಲ್. ಒಂದೇ ನೇಯ್ಗೆಯ ಸೀರೆಯನ್ನು ಬೇರೆ ಬೇರೆ ಬಣ್ಣದಲ್ಲಿ ಅಂಗಡಿಯಲ್ಲಿ ಜೋಡಿಸಿಟ್ಟ ಹಾಗೆ. ಹಳದಿ, ನೀಲಿ, ಹಸಿರು ನೋಡಿದವನು ‘ಕೆಂಪು ಇಲ್ವಾ?’ ಅಂತ ಕೇಳುವುದು ಸಹಜ. ಆಟಗಾರರಿಗೆ ಬಣ್ಣದ ಪಟ್ಟಿಯ ತಾಂತ್ರಿಕ ವಿವರ ಗೊತ್ತಿರಲಿಕ್ಕಿಲ್ಲ. ಆದರೆ ಒಬ್ಬನನ್ನೇ ಬಣ್ಣ ಬದಲಿಸಿ ಮೂವರು ಮಾಡಿದ್ದಾರೆ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು. ನಾಲ್ಕನೆಯವನನ್ನು ಮಾಡುವುದು ಏನೂ ದೊಡ್ಡ ಕೆಲಸವಲ್ಲ ಅನ್ನುವ ಅವರ ಊಹೆ ಪೂರ್ತಿ ಸರಿಯಾಗಿತ್ತು. ತಯಾರಕರು ಮುಂದೆ ಮಾಡಿದ್ದೂ ಅದನ್ನೇ.

ಬಾಯಿಮಾತಿನ ಸುದ್ದಿಗೆ ಅಚ್ಚಿನ ಬಲ ಸಿಕ್ಕಿದ್ದು ಆಟದ ಪತ್ರಿಕೆಗಳಿಂದ. ಆಗ ಅಮೆರಿಕದಲ್ಲಿ ‘ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ’ ಎಂಬ ಮಾಸಪತ್ರಿಕೆಗೆ ದೊಡ್ಡ ಹೆಸರು. ಗುಪ್ತ ತಂತ್ರಗಳಿಗೆ ಆಟಗಾರರು ನೆಚ್ಚಿಕೊಂಡಿದ್ದದ್ದೇ ಇಂಥ ಪತ್ರಿಕೆಗಳನ್ನು. 1993ರಲ್ಲಿ ಅದರಲ್ಲಿ ಒಂದು ಓದುಗರ ಪತ್ರ ಬಂತು, ಜೊತೆಗೆ ಒಂದು ಚಿತ್ರ. ಚಿತ್ರದಲ್ಲಿ ಕೆಂಪು ಛಾಯೆಯ ನಿಂಜಾ, ಪರದೆಯ ಮೇಲೆ ‘ಎರ್ಮ್ಯಾಕ್ ಗೆದ್ದ’ ಎಂಬ ಅರ್ಥದ ಬರಹ. ಅದು ತಿದ್ದಿದ ಚಿತ್ರ. ಸ್ಕಾರ್ಪಿಯನ್‌ನ ಬಣ್ಣ ಬದಲಿಸಿದರೆ ಸಾಕಿತ್ತು. ಆದರೆ ಓದುಗರಿಗೆ ಅದು ಸಾಕ್ಷಿಯಾಗಿ ಕಂಡಿತು. ಅಲ್ಲಿಯವರೆಗೆ ಪಕ್ಕದ ಊರಿನಲ್ಲಿದ್ದ ಎರ್ಮ್ಯಾಕ್ ಈಗ ಅಂಗಡಿಯಲ್ಲಿ ಕೊಳ್ಳಬಹುದಾದ ಪುಟದ ಮೇಲೆ ಬಂದಿದ್ದ.

ಇದೇ ಪತ್ರಿಕೆ ಇದಕ್ಕೂ ಮೊದಲೇ ಇನ್ನೊಂದು ದೊಡ್ಡ ಹುಸಿ ಸುದ್ದಿ ಹಬ್ಬಿಸಿತ್ತು. ಅದು ಬೇರೆ ಆಟದ್ದು. ಆದರೆ ಅದನ್ನು ಹೇಳದೆ ಮಾರ್ಟಲ್ ಕಾಂಬ್ಯಾಟ್ ಕಥೆ ಪೂರ್ತಿಯಾಗುವುದಿಲ್ಲ.

ಜಪಾನಿನ ಕ್ಯಾಪ್ಕಾಮ್ ಕಂಪನಿ 1991ರಲ್ಲಿ ‘ಸ್ಟ್ರೀಟ್ ಫೈಟರ್ 2’ ತಂದಿತು. ಅದರಲ್ಲಿ ರ್ಯೂ ಎಂಬ ಪಾತ್ರ ಗೆದ್ದಾಗ ಸೋತವನಿಗೆ ಒಂದು ಮಾತು ಹೇಳುತ್ತಾನೆ. ಜಪಾನಿ ಮೂಲದಲ್ಲಿ ಅದರ ಅರ್ಥ, ನನ್ನ ಶೋರ್ಯುಕೆನ್ ಅನ್ನು ಮುರಿಯದ ಹೊರತು ನೀನು ಗೆಲ್ಲಲಾರೆ ಅಂತ. ಶೋರ್ಯುಕೆನ್ ಅಂದರೆ ಮೇಲಕ್ಕೆ ನೆಗೆದು ಹೊಡೆಯುವ ಅವನ ಗುದ್ದು. ಇಂಗ್ಲಿಷಿಗೆ ತರುವಾಗ ಆ ಗುದ್ದಿನ ಹೆಸರಿನ ಚಿತ್ರಲಿಪಿಯನ್ನು ಚೀನಿಯಂತೆ ಓದಿ ‘ಶೆಂಗ್ ಲಾಂಗ್’ ಮಾಡಿಬಿಟ್ಟರು. ಆಗ ವಾಕ್ಯ ಹೀಗಾಯಿತು: ಗೆಲ್ಲುವ ಅವಕಾಶ ಬೇಕಾದರೆ ನೀನು ಶೆಂಗ್ ಲಾಂಗ್‌ನನ್ನು ಸೋಲಿಸಬೇಕು. ಗುದ್ದು ಹೋಗಿ ಮನುಷ್ಯನಾಯಿತು. ಆಟದಲ್ಲಿ ಆ ಹೆಸರಿನವರು ಯಾರೂ ಇಲ್ಲ. ಮನೆಯಲ್ಲಿ ಆಡುವ ಸೂಪರ್ ನಿಂಟೆಂಡೋ ಯಂತ್ರಕ್ಕೆ ಬಂದ ಅಮೆರಿಕದ ಆವೃತ್ತಿಯ ಕೈಪಿಡಿಯಂತೂ ಶೆಂಗ್ ಲಾಂಗ್ ಅಂದರೆ ರ್ಯೂ ಮತ್ತು ಆಟದ ಇನ್ನೊಂದು ಪಾತ್ರ ಕೆನ್ ಇಬ್ಬರ ಗುರು ಅಂತಲೇ ಬರೆಯಿತು.

ಈ ಖಾಲಿ ಜಾಗಕ್ಕೆ ಪತ್ರಿಕೆ ಕೈ ಹಾಕಿತು. 1992ರ ಏಪ್ರಿಲ್ ಸಂಚಿಕೆಯಲ್ಲಿ ಶೆಂಗ್ ಲಾಂಗ್‌ನನ್ನು ಕಾಣುವ ವಿಧಾನ ಪ್ರಕಟವಾಯಿತು. ರ್ಯೂನನ್ನು ಆರಿಸಿಕೊಳ್ಳಬೇಕು. ಕೊನೆಯ ಎದುರಾಳಿ ಎಂ. ಬೈಸನ್ ತನಕ ಒಂದು ಏಟೂ ತಿನ್ನದೆ ಹೋಗಬೇಕು. ಅಲ್ಲಿ ಹೊಡೆಯಲೂಬಾರದು, ಹೊಡೆಸಿಕೊಳ್ಳಲೂಬಾರದು. ಸಮಯ ಮುಗಿದು ಸುತ್ತು ಡ್ರಾ ಆಗಬೇಕು. ಹೀಗೆ ಸುತ್ತಿನ ಮೇಲೆ ಸುತ್ತು ಡ್ರಾ ಮಾಡುತ್ತಾ ಹೋದರೆ ಒಬ್ಬ ಮುದುಕ ಬಂದು ಬೈಸನ್‌ನನ್ನು ಎತ್ತಿ ಎಸೆದು ಕಾಳಗಕ್ಕೆ ನಿಲ್ಲುತ್ತಾನೆ ಎಂಬುದು ಸುದ್ದಿ. ಚಿತ್ರಗಳೂ ಇದ್ದವು. ಏಪ್ರಿಲ್ ಫೂಲ್ ತಮಾಷೆ ಅದು. ಸುಳಿವು ಕಳಿಸಿದವರ ಹೆಸರು, ಊರುಗಳನ್ನು ಜೋರಾಗಿ ಓದಿದರೆ ‘ನಾಣ್ಯ ಹಾಳು ಮಾಡಿಕೊಂಡಿರಿ, ಮತ್ತೆ ಮೋಸಹೋದಿರಿ’ ಎಂಬ ಧ್ವನಿ ಬರುವಂತೆ ಇಂಗ್ಲಿಷಿನಲ್ಲಿ ಕಟ್ಟಿದ್ದರು. ಅದನ್ನು ಗಮನಿಸಿದವರು ಕಡಿಮೆ. ಬೇರೆ ಪತ್ರಿಕೆಗಳು ನಿಜವೆಂದೇ ತಿಳಿದು ಮರುಮುದ್ರಿಸಿದವು. ವರ್ಷದ ಕೊನೆಗೆ ಪತ್ರಿಕೆ ಇದು ತಮಾಷೆ ಅಂತ ಒಪ್ಪಿಕೊಂಡಿತು. ಅಷ್ಟರಲ್ಲಿ ಎಷ್ಟು ಹುಡುಗರ ಜೇಬು ಖಾಲಿಯಾಗಿತ್ತೋ.

ನನಗೆ ಈ ತಮಾಷೆಯ ಬಗ್ಗೆ ಒಂದು ಅಸಮಾಧಾನವಿದೆ. ಗುಟ್ಟು ತಿಳಿಯಲು ಬೇರೆ ದಾರಿಯೇ ಇಲ್ಲದ ಮಕ್ಕಳು ದುಡ್ಡು ಕೊಟ್ಟು ಓದುವ ಪತ್ರಿಕೆ ಅದು. ಅವರ ನಂಬಿಕೆಯೇ ಅದರ ಬಂಡವಾಳ. ಒಪ್ಪಿಗೆಯ ಮಾತು ತಿಂಗಳುಗಳ ನಂತರ ಬಂದರೆ ಆ ನಡುವೆ ಸುರಿದ ನಾಣ್ಯ ವಾಪಸ್ ಬರುವುದಿಲ್ಲ.

ಆದರೆ ಮುಂದೆ ನಡೆದದ್ದು ಸ್ವಾರಸ್ಯವಾಗಿದೆ. 1994ರಲ್ಲಿ ಬಂದ ‘ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೋ’ದಲ್ಲಿ ಸೋಲದೆ, ಕಂಟಿನ್ಯೂ ಬಳಸದೆ ಚೆನ್ನಾಗಿ ಆಡಿ ಕೊನೆ ಮುಟ್ಟಿದರೆ ನಿಜವಾಗಿಯೂ ಒಬ್ಬ ಅಪರಿಚಿತ ನುಗ್ಗಿ ಬರುತ್ತಾನೆ. ಬೈಸನ್‌ನನ್ನು ಕ್ಷಣದಲ್ಲಿ ಮುಗಿಸಿ ಆಟಗಾರನ ಎದುರು ನಿಲ್ಲುತ್ತಾನೆ. ಅವನೇ ಅಕುಮಾ. ಹುಸಿ ಸುದ್ದಿಯ ದೃಶ್ಯಕ್ಕೂ ಇದಕ್ಕೂ ಇರುವ ಹೋಲಿಕೆ ಎದ್ದು ಕಾಣುತ್ತದೆ. ಇನ್ನು ರ್ಯೂ ಮತ್ತು ಕೆನ್‌ನ ಗುರು ಗೋಕೆನ್, ‘ಸ್ಟ್ರೀಟ್ ಫೈಟರ್ 4’ರಲ್ಲಿ ಆಡಲು ಸಿಗುವ ಪಾತ್ರವಾಗಿಯೇ ಬಂದ.

ಮತ್ತೆ ಶಿಕಾಗೋಗೆ ಬರೋಣ. 1993ರಲ್ಲಿ ‘ಮಾರ್ಟಲ್ ಕಾಂಬ್ಯಾಟ್ 2’ ಆರ್ಕೇಡ್‌ಗಳಿಗೆ ಬಂತು. ಅಷ್ಟು ಹೊತ್ತಿಗೆ ತಯಾರಕರ ಕಿವಿಗೆ ಎಲ್ಲಾ ಅಂತೆಕಂತೆಗಳೂ ಬಿದ್ದಿದ್ದವು. ಅವರು ನಿರಾಕರಿಸಲಿಲ್ಲ, ಒಪ್ಪಲೂ ಇಲ್ಲ. ಆಟದೊಳಗೇ ಉತ್ತರ ಕೊಡತೊಡಗಿದರು. ಪರದೆಯ ಮೇಲೆ ಬರುವ ಗುಪ್ತ ಸಂದೇಶಗಳಲ್ಲಿ ‘ಎರ್ಮ್ಯಾಕ್? ಯಾರದು?’ ಎಂಬ ಅರ್ಥದ ಒಂದು ಸಾಲು ಹಾಕಿದರು. ‘ಇಲ್ಲ’ ಅಂತ ನೇರವಾಗಿ ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಪ್ರಶ್ನೆಯ ರೂಪದಲ್ಲಿ ಬಂದದ್ದರಿಂದ, ಹೆಸರು ಎತ್ತಿದ್ದಾರೆ ಅಂದಮೇಲೆ ಏನೋ ಇದೆ ಅಂತ ಜನ ಇನ್ನಷ್ಟು ಹುಡುಕಿದರು. ಅದೇ ಥರ ‘ಹಾರ್ನ್‌ಬಕಲ್? ಯಾರದು?’ ಅಂತಲೂ ಒಂದು ಸಾಲು ಇತ್ತು. ‘ಪಿಟ್ 2’ ಅಂಕಣದಲ್ಲಿ ಹಿಂದಿನ ಸೇತುವೆಯ ಮೇಲೆ ಇಬ್ಬರು ಸೆಣಸುತ್ತಿರುತ್ತಾರೆ, ಒಬ್ಬನ ಮೈಗೆ ಬೆಂಕಿ ಹತ್ತಿರುತ್ತದೆ. ಇನ್ನೊಬ್ಬನೇ ಹಾರ್ನ್‌ಬಕಲ್ ಅಂತ ಆಟಗಾರರು ತೀರ್ಮಾನಿಸಿದರು. ಬೆಂಕಿಯವನಿಗೆ ‘ಟಾರ್ಚ್’ ಅಂತ ಹೆಸರಿಟ್ಟರು. ಬರೀ ಹಿನ್ನೆಲೆಯ ಅಲಂಕಾರವಾಗಿದ್ದ ಈ ಬೆಂಕಿ ಮನುಷ್ಯ 2002ರ ‘ಡೆಡ್ಲಿ ಅಲಯನ್ಸ್’ನಲ್ಲಿ ಬ್ಲೇಝ್ ಎಂಬ ಹೆಸರಿನಿಂದ ಆಡಲು ಸಿಗುವ ಪಾತ್ರವಾದ. 2006ರ ‘ಆರ್ಮಗೆಡ್ಡನ್’ನಲ್ಲಿ ಕೊನೆಯ ಎದುರಾಳಿಯೇ ಅವನಾದ.

ಎರಡನೇ ಆಟದ ನಿಜವಾದ ಗುಟ್ಟುಗಳಂತೂ ಮೊದಲಿಗಿಂತ ವಿಚಿತ್ರ. ಹಸಿರು ಉಡುಪಿನ ಜೇಡ್ ಬೇಕಾದರೆ, ಎದುರಾಳಿಗಳನ್ನು ಸರದಿಯಲ್ಲಿ ತೋರಿಸುವ ಏಣಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಿಂತ ಹಿಂದಿನ ಆಟದಲ್ಲಿ ಒಂದು ಸುತ್ತನ್ನು ಬರೀ ಕೆಳಗಿನ ಒದೆತದಿಂದಲೇ ಗೆಲ್ಲಬೇಕು. ಬೂದು ನಿಂಜಾ ಸ್ಮೋಕ್ ಬೇಕಾದರೆ ‘ಪೋರ್ಟಲ್’ ಅಂಕಣದಲ್ಲಿರಬೇಕು. ಜೋರಾಗಿ ಮೇಲ್ಗುದ್ದು ಹೊಡೆದಾಗ ಒಮ್ಮೊಮ್ಮೆ ಪರದೆಯ ಮೂಲೆಯಿಂದ ಒಬ್ಬರ ಮುಖ ಇಣುಕಿ ‘ಟೋಸ್ಟೀ!’ ಅಂತ ಕೂಗುತ್ತದೆ. ಅವರು ಆಟದ ಸಂಗೀತ ಮಾಡಿದ ಡ್ಯಾನ್ ಫೋರ್ಡನ್. ಆ ಮುಖ ಕಾಣುವ ಅರೆಕ್ಷಣದಲ್ಲೇ ಜಾಯ್‌ಸ್ಟಿಕ್ ಕೆಳಗೆಳೆದು ಸ್ಟಾರ್ಟ್ ಒತ್ತಬೇಕು. ಮೂರನೆಯವನು ಕಪ್ಪು ನೆರಳಿನಂಥ ನೂಬ್ ಸೈಬಾಟ್. ಸತತ 50 ಆಟ ಗೆದ್ದವರಿಗೆ ಮಾತ್ರ ಅವನ ದರ್ಶನ. ಬೂನ್, ಟೋಬಿಯಾಸ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದಿನಿಂದ ಓದಿದರೆ ಸಿಗುವುದು ಅವನ ಹೆಸರು. ಇಷ್ಟೂ ಸಾಲದು ಅಂತ, ಇಬ್ಬರು ಸೇರಿ 250 ಆಟ ಆಡಿದರೆ ಹೊಡೆದಾಟ ನಿಂತು, ಪರದೆಯ ಮೇಲೆ ಎಪ್ಪತ್ತರ ದಶಕದ ‘ಪಾಂಗ್’ ಬರುತ್ತದೆ! ಎರಡು ಗೆರೆ, ಒಂದು ಚುಕ್ಕೆ, ಅಷ್ಟೇ.

ಇದನ್ನೆಲ್ಲಾ ಓದಿದ ಮೇಲೆ ಆಗಿನ ಸುಳ್ಳು ಸುದ್ದಿಗಳನ್ನು ನೋಡಿ. ಮಂತ್ರವಾದಿ ಶಾಂಗ್ ತ್ಸುಂಗ್ ಎರಡನೇ ಆಟದ ಯಾವ ಹೋರಾಟಗಾರನಾಗಿ ಬೇಕಾದರೂ ರೂಪ ಬದಲಿಸಬಲ್ಲ. ಮೊದಲ ಆಟದ ಕೇನೋ ಆಗಿಯೂ ಬದಲಾಗುತ್ತಾನಂತೆ ಎಂಬ ಸುದ್ದಿ ಹಬ್ಬಿತು. ಇದಕ್ಕೆ ಎರಡು ಆಧಾರ. ‘ಕಾನ್ಸ್ ಅರೀನಾ’ ಅಂಕಣದ ಹಿಂದೆ ಕೇನೋ ಮತ್ತು ಸೋನ್ಯಾರನ್ನು ಸರಪಳಿ ಹಾಕಿ ನಿಲ್ಲಿಸಿದ್ದರು, ಅಂದರೆ ಕೇನೋ ಆಟದೊಳಗೆ ಎಲ್ಲೋ ಇದ್ದಾನೆ. ಇನ್ನೊಂದು, ಅದೇ ಬೀಗದೊಳಗಿನ ಲೆಕ್ಕದ ಪಟ್ಟಿಯಲ್ಲಿ ‘ಕೇನೋ ರೂಪಾಂತರಗಳು’ ಎಂಬ ಸಾಲು. ಎರ್ಮ್ಯಾಕ್ಸ್ ಅಕಸ್ಮಾತ್ತಾಗಿ ಆದದ್ದು. ಈ ಸಾಲನ್ನು ಮಾತ್ರ ತಯಾರಕರು ಬೇಕೆಂದೇ ಇಟ್ಟರು. ಪಟ್ಟಿಯನ್ನು ಜನ ಇಣುಕಿ ನೋಡುತ್ತಾರೆ ಅನ್ನುವುದು ಅವರಿಗೆ ಈಗ ಗೊತ್ತಿತ್ತು. ಕೇನೋ ಆಗಿ ಬದಲಾಗುವ ದಾರಿ ಆಟದಲ್ಲಿ ಇರಲೇ ಇಲ್ಲ.

‘ಲಿವಿಂಗ್ ಫಾರೆಸ್ಟ್’ ಅಂಕಣದ ಸುದ್ದಿ ನನಗೆ ತುಂಬಾ ಇಷ್ಟ. ಅಲ್ಲಿ ಮರಗಳಿಗೆ ಮುಖ ಇದೆ, ಬಾಯಿ ತೆರೆದು ಗುರುಗುಟ್ಟುತ್ತವೆ. ಎದುರಾಳಿಯನ್ನು ಆ ಬಾಯಿಗೆ ಎಸೆಯಬಹುದಂತೆ ಅಂತ ಎಲ್ಲರೂ ಹೇಳುತ್ತಿದ್ದರು. ಬೇರೆ ಅಂಕಣಗಳಲ್ಲಿ ಆಮ್ಲದ ಕೊಳಕ್ಕೋ ಮೊಳೆಗಳಿಗೋ ಎಸೆಯುವ ವ್ಯವಸ್ಥೆ ಇತ್ತಲ್ಲ, ಹಾಗಾಗಿ ಇಲ್ಲಿಯೂ ಇರಬೇಕು ಅನ್ನುವುದು ತಪ್ಪು ಲೆಕ್ಕವೇನಲ್ಲ. ಆದರೆ ಇರಲಿಲ್ಲ. 2011ರ ‘ಮಾರ್ಟಲ್ ಕಾಂಬ್ಯಾಟ್’ನಲ್ಲಿ ಆ ಕಾಡು ಮತ್ತೆ ಬಂದಾಗ ಮರ ಎದುರಾಳಿಯನ್ನು ನುಂಗುತ್ತದೆ. ಹದಿನೆಂಟು ವರ್ಷ ಹಿಂದೆ ಪಾರ್ಲರ್‌ಗಳಲ್ಲಿ ಹುಡುಗರು ಹೇಳಿಕೊಂಡದ್ದನ್ನು ಯಾರೋ ಮರೆತಿರಲಿಲ್ಲ.

ಪ್ರಾಣಿ ರೂಪದ ಸುದ್ದಿಯೂ ಇದೇ ದಾರಿ ಹಿಡಿಯಿತು. ಎರಡನೇ ಆಟದಲ್ಲಿ ಲಿಯು ಕಾಂಗ್ ಕೊನೆಯಲ್ಲಿ ಡ್ರ್ಯಾಗನ್ ಆಗಿ ಎದುರಾಳಿಯನ್ನು ತಿನ್ನುತ್ತಾನೆ. ಅದನ್ನು ನೋಡಿ, ಎಲ್ಲಾ ಪಾತ್ರಗಳಿಗೂ ಒಂದೊಂದು ಪ್ರಾಣಿ ರೂಪ ಇದೆಯಂತೆ ಎಂಬ ಮಾತು ಹುಟ್ಟಿತು. ಅದಕ್ಕೆ ‘ಆ್ಯನಿಮಾಲಿಟಿ’ ಅಂತ ಹೆಸರೂ ಬಂತು. 1995ರ ಮೂರನೇ ಆಟದಲ್ಲಿ ತಯಾರಕರು ಅದನ್ನು ಸೇರಿಸಿಯೇಬಿಟ್ಟರು. ಅಲ್ಲಿಯೂ ಒಂದು ಕೊಕ್ಕೆ ಇಟ್ಟರು. ಕೊನೆಯ ಸುತ್ತಿನಲ್ಲಿ ಸೋತವನಿಗೆ ಮೊದಲು ‘ಮರ್ಸಿ’ ತೋರಿಸಿ ಸ್ವಲ್ಪ ಜೀವ ಕೊಡಬೇಕು, ಮತ್ತೆ ಗೆಲ್ಲಬೇಕು, ಆಮೇಲಷ್ಟೇ ಪ್ರಾಣಿಯಾಗಬಹುದು. ಇದರ ಜೊತೆಗೇ ಸುತ್ತಾಡಿದ ಇನ್ನೊಂದು ಸುದ್ದಿ, ಬಟ್ಟೆ ಬಿಚ್ಚುವ ‘ನ್ಯೂಡಾಲಿಟಿ’. ಅದನ್ನು ಯಾವತ್ತೂ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

ಎರ್ಮ್ಯಾಕ್‌ನ ಸರದಿ ಬಂದದ್ದು 1995ರಲ್ಲೇ, ‘ಅಲ್ಟಿಮೇಟ್ ಮಾರ್ಟಲ್ ಕಾಂಬ್ಯಾಟ್ 3’ರಲ್ಲಿ. ಕೆಂಪು ನಿಂಜಾ ನಿಜವಾಗಿಯೂ ಆಟದೊಳಗೆ ಇದ್ದ. ಆರ್ಕೇಡ್‌ನಲ್ಲಿ 10 ಚಿಹ್ನೆಗಳ ಸಂಕೇತ ಹಾಕಿದರೆ ಅವನನ್ನು ಆಡಬಹುದಿತ್ತು. ತಯಾರಕರು ಅವನಿಗೆ ಹೆಣೆದ ಹಿನ್ನೆಲೆಯನ್ನು ಗಮನಿಸಿ. ಎರ್ಮ್ಯಾಕ್ ಒಬ್ಬ ಮನುಷ್ಯನಲ್ಲ. ಕಾಳಗಗಳಲ್ಲಿ ಸತ್ತ ಯೋಧರ ಆತ್ಮಗಳು ಒಂದೇ ದೇಹದಲ್ಲಿ ಸೇರಿ ಆದವನು. ಅದಕ್ಕೇ ಅವನು ‘ನಾನು’ ಅನ್ನುವುದಿಲ್ಲ, ‘ನಾವು’ ಅನ್ನುತ್ತಾನೆ. ತಪ್ಪುಗಳ ಲೆಕ್ಕದ ಬಹುವಚನವೊಂದು, ಸಾವಿರ ಬಾಯಿಗಳಲ್ಲಿ ಬೆಳೆದು, ಕೊನೆಗೆ ‘ನಾವು’ ಅನ್ನುವ ಪಾತ್ರವಾಯಿತು. ಇದಕ್ಕಿಂತ ಸರಿಯಾದ ಹಿನ್ನೆಲೆ ಅವನಿಗೆ ಸಿಗುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅದೇ ಆಟದಲ್ಲಿ ಬೂನ್ ಹೊಸದೊಂದು ಬಲೆಯನ್ನೂ ಬೀಸಿದರು. ಯಾರೂ ಆಡದಿದ್ದಾಗ ಯಂತ್ರ ತಾನೇ ತೋರಿಸುವ ಪ್ರದರ್ಶನದಲ್ಲಿ ನೇರಳೆ ಬಣ್ಣದ ನಿಂಜಾ ರೇನ್ ಕಾಣಿಸಿಕೊಂಡ. ಕಣ್ಣೆದುರೇ ಹೊಡೆದಾಡುತ್ತಿದ್ದಾನೆ ಅಂದಮೇಲೆ ಅವನನ್ನು ಪಡೆಯುವ ದಾರಿ ಇರಲೇಬೇಕು ಅಂತ ಜನ ಪಟ್ಟು ಬಿಡದೆ ಹುಡುಕಿದರು. ಆರ್ಕೇಡ್ ಆವೃತ್ತಿಯಲ್ಲಿ ಅಂಥ ದಾರಿ ಇರಲಿಲ್ಲ. ಮನೆಯಲ್ಲಿ ಆಡುವ ಆವೃತ್ತಿಗಳಲ್ಲಿ ಮಾತ್ರ ರೇನ್ ಸಿಕ್ಕ. ಹೆಣ್ಣು ನಿಂಜಾಗಳಲ್ಲೂ ಇದೇ ಕಥೆ. ಕಿಟಾನಾ, ಮಿಲೀನಾ, ಜೇಡ್ ಮೂವರನ್ನೂ ಎರಡನೇ ಆಟದಲ್ಲಿ ಮಾಡಿದವರು ಕ್ಯಾಟಲಿನ್ ಝಮಿಯಾರ್ ಒಬ್ಬರೇ, ಬಣ್ಣ ಮಾತ್ರ ಬೇರೆ. ಅಲ್ಲೂ ಕೆಂಪು ಬಣ್ಣದವಳು ಒಬ್ಬಳಿದ್ದಾಳಂತೆ, ಹೆಸರು ಸ್ಕಾರ್ಲೆಟ್ ಅಂತೆ ಎಂಬ ಸುದ್ದಿ ವರ್ಷಗಟ್ಟಲೆ ಓಡಾಡಿತು. 2011ರಲ್ಲಿ ಅವಳೂ ದುಡ್ಡು ಕೊಟ್ಟು ಇಳಿಸಿಕೊಳ್ಳುವ ಪಾತ್ರವಾಗಿ ಬಂದಳು.

ಮನೆಯ ಆವೃತ್ತಿಗಳ ಮಾತು ಬಂತಲ್ಲ, ಅಲ್ಲೊಂದು ಸಣ್ಣ ವಿಷಯ ಹೇಳಿಬಿಡುತ್ತೇನೆ. 1993ರ ಸೆಪ್ಟೆಂಬರ್ 13ರಂದು ಮೊದಲ ಆಟ ಮನೆಯ ಯಂತ್ರಗಳಿಗೆ ಬಂತು. ನಿಂಟೆಂಡೋ ಆವೃತ್ತಿಯಲ್ಲಿ ರಕ್ತದ ಬದಲು ಬೂದು ಬಣ್ಣದ ಬೆವರು. ಸೆಗಾ ಜೆನೆಸಿಸ್‌ನಲ್ಲಿ ಎ, ಬಿ, ಎ, ಸಿ, ಎ, ಬಿ, ಬಿ ಗುಂಡಿಗಳನ್ನು ಕ್ರಮವಾಗಿ ಒತ್ತಿದರೆ ರಕ್ತ ವಾಪಸ್. ಏಳು ಗುಂಡಿ ಒತ್ತಿದರೆ ಆಟ ಬದಲಾಗುತ್ತದೆ ಅನ್ನುವುದು ಶಾಲೆಯ ಮಕ್ಕಳಿಗೆಲ್ಲಾ ಗೊತ್ತಾಯಿತು, ಅದು ನಿಜವೂ ಆಗಿತ್ತು. ಇನ್ಯಾವುದೋ ಗುಂಡಿಗಳಿಗೆ ಇನ್ಯಾವುದೋ ಗುಟ್ಟು ಇದೆ ಅಂತ ಯಾರು ಹೇಳಿದರೂ ಒತ್ತಿ ನೋಡುವ ಅಭ್ಯಾಸ ಬೆಳೆದದ್ದು ಹೀಗೆ.

ಈಗ ಈ ಥರದ ಗಾಳಿಸುದ್ದಿ ಬದುಕುವುದು ಕಷ್ಟ. ಆಟ ಬಿಡುಗಡೆಯಾದ ಕೂಡಲೇ ಫೈಲುಗಳನ್ನು ಬಿಚ್ಚಿ ನೋಡುವವರಿದ್ದಾರೆ. ಒಳಗೆ ಯಾವ ಪಾತ್ರದ ಹೆಸರಿದೆ, ಯಾವ ಚಿತ್ರವಿದೆ ಅನ್ನುವುದು ಬೇಗನೆ ಹೊರಬೀಳುತ್ತದೆ. ಮಿಡ್ವೇ ಮುಳುಗಿದ ಮೇಲೆ ಬೂನ್ ತಂಡ ನೆದರ್‌ರೆಲ್ಮ್ ಸ್ಟುಡಿಯೋಸ್ ಎಂಬ ಹೆಸರಿನಲ್ಲಿ ಶಿಕಾಗೋದಲ್ಲೇ ಕೆಲಸ ಮುಂದುವರಿಸಿದೆ. ಅವರು 2023ರಲ್ಲಿ ತಂದ ‘ಮಾರ್ಟಲ್ ಕಾಂಬ್ಯಾಟ್ 1’ರಲ್ಲಿ ಫ್ಲಾಯ್ಡ್ ಎಂಬ ಗುಲಾಬಿ ನಿಂಜಾ ಅಡಗಿದ್ದಾನಂತೆ ಎಂಬ ಸುದ್ದಿ ಎದ್ದಿತು. ಒಂದು ಅಂಕಣದ ಹಿನ್ನೆಲೆಯಲ್ಲಿ ಗುಲಾಬಿ ಆಕೃತಿಯೊಂದು ಓಡಿಹೋಗುವುದನ್ನು ಕೆಲವರು ಕಂಡರು. ಬೂನ್ ತಮ್ಮ ಎಂದಿನ ಶೈಲಿಯಲ್ಲಿ ಇಲ್ಲ ಅನ್ನಲೂ ಇಲ್ಲ, ಇದೆ ಅನ್ನಲೂ ಇಲ್ಲ, ಕೆಣಕುತ್ತಾ ಹೋದರು. ಫೈಲುಗಳಲ್ಲಿ ಅವನ ಕುರುಹು ಇದ್ದರೂ ಅವನನ್ನು ಕರೆಯಲು ಏನು ಮಾಡಬೇಕು ಅನ್ನುವುದು ಯಾರಿಗೂ ಬಗೆಹರಿಯಲಿಲ್ಲ. 2025ರಲ್ಲಿ ಆಟಗಾರರು ಕೊನೆಗೂ ಅವನ ಎದುರು ನಿಂತರು. ಒಬ್ಬರಿಗೆ ಕೆಲಸ ಮಾಡಿದ ಕ್ರಮ ಇನ್ನೊಬ್ಬರಿಗೆ ಕೆಲಸ ಮಾಡದೆ ಗೊಂದಲವಾಯಿತು. ಯಾರ್ಯಾರು ಏನೇನು ಮಾಡಿದಾಗ ಅವನು ಬಂದ ಅನ್ನುವುದನ್ನು ಬರೆದುಕೊಂಡು, ಒಂದರ ಪಕ್ಕ ಒಂದಿಟ್ಟು, ತಾಳೆ ನೋಡುವ ಕೆಲಸಕ್ಕೆ ಆಟಗಾರರು ಒಟ್ಟಾಗಿ ಕೂತರು.